ಸುಂಕದವಳ ಮುಂದೆ

ಗ್ವಾಯಾಕಿಲ್ ಬಂದರಿನ ಮೂರನೇ ಗೇಟಿನಲ್ಲಿ
ನಾನು ಸೀಲು ಓದುವವನು.
ಬಾಳೆಹಣ್ಣಿನ ಕಂಪನಿಯ ಸಂಬಳ, ರಾತ್ರಿ ಪಾಳಿ,
ಕೈಯಲ್ಲಿ ಬ್ಯಾಟರಿ, ಕಿವಿಯ ಮೇಲೆ ಪೆನ್ಸಿಲು.
ಕಂಟೇನರಿನ ಬಾಗಿಲಿಗೆ ಹೆಬ್ಬೆರಳ ಗಾತ್ರದ ಉಕ್ಕಿನ ಮೊಳೆ,
ಮೊಳೆಯ ತಲೆಯ ಮೇಲೆ ಎಂಟು ಅಂಕಿ.
ಅವು ಕಾಗದದ ಎಂಟಕ್ಕೆ ಕೂಡಿಬಂದರೆ
ಹಡಗು, ಸಮುದ್ರ, ಆಂಟ್ವರ್ಪಿನ ಯಾವುದೋ ಮಗುವಿನ ತಿಂಡಿಡಬ್ಬಿ.
ಬರದಿದ್ದರೆ,
ಬರದಿದ್ದರೆ ಏನೆಂದು ಹತ್ತು ವರ್ಷ ಯಾರೂ ಹೇಳಿರಲಿಲ್ಲ.

ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು,
ಅಪ್ಪ ಹಡಗುಕಟ್ಟೆಯಲ್ಲಿ ಗೊನೆ ಹೊರುತ್ತಿದ್ದಾಗಿನ ಮಾತು.
ಅವರು ನಮ್ಮನ್ನು ಕಳ್ಳರೆಂದರು,
ನಾವು ಅವರನ್ನು ಲಂಚಕೋರರೆಂದೆವು,
ಎರಡರಲ್ಲೂ ಒಂದಿಷ್ಟು ನಿಜವಿತ್ತು, ಅದೇ ತೊಂದರೆ.
ನಡುವಿನ ಬೇಲಿಯ ತೂತಿನಲ್ಲಿ
ಮೂರನೆಯವನೊಬ್ಬ ಆರಾಮಾಗಿ ಓಡಾಡಿಕೊಂಡಿದ್ದ.

ಹೋದ ಮಾರ್ಚಿನಲ್ಲಿ ಹೋಟೆಲೊಂದರ ಮೇಲ್ಮಹಡಿಯಲ್ಲಿ
ಸರ್ಕಾರವೂ ಕಂಪನಿಗಳೂ ಸಹಿ ಹಾಕಿದವು.
ಮಂತ್ರಿಯ ಪೆನ್ನು ಬರೆಯಲಿಲ್ಲ, ಇನ್ನೊಂದು ತಂದರು.
ಭಾಷಣದಲ್ಲಿ ‘ಸರಪಳಿ’ ಎಷ್ಟು ಸಲ ಬಂತೆಂದರೆ
ಪಕ್ಕದಲ್ಲಿ ಕೂತ ಲಾರಿ ಸಂಘದ ಮುದುಕ
ತನ್ನ ಕಾಲು ನೋಡಿಕೊಂಡ.
ಸೀಗಡಿ ತುಂಬಿದ ಕಡುಬು ಚೆನ್ನಾಗಿತ್ತು.
ನನ್ನಂಥವರನ್ನು ಸಾಲಾಗಿ, ಅವರಂಥವರನ್ನು ಎದುರು ಸಾಲಾಗಿ ನಿಲ್ಲಿಸಿ
ಫೋನ್ ನಂಬರು ಕೊಟ್ಟುಕೊಳ್ಳಿ ಅಂದರು, ಹೆಣ್ಣು ತೋರಿಸಿದ ಹಾಗೆ.
ನನ್ನ ಪಾಲಿಗೆ ಬಂದವಳು ಸೊಯ್ಲಾ ಕಿಮಿ, ಇನ್ಸ್‌ಪೆಕ್ಟರ್,
ನಗದ ಮುಖ, ಪ್ಯಾಂಟಿನ ತುಂಬ ನಾಯಿಕೂದಲು.
ಬರೆದುಕೊಂಡೆ. ಕರೆಯುವ ಉದ್ದೇಶವಿರಲಿಲ್ಲ.

ಮೊನ್ನೆ ರಾತ್ರಿ ಎರಡು ಗಂಟೆಗೆ
ಬಾಗಿಲಲ್ಲಿ ಒಂದು, ಕಾಗದದಲ್ಲಿ ಏಳು.
ಕೊನೆಯ ಅಂಕಿ. ಸೊಳ್ಳೆಯಷ್ಟು ವ್ಯತ್ಯಾಸ.
ಉಗುರಿನಿಂದ ಸವರಿದೆ: ಕೆತ್ತಿದ್ದಲ್ಲ, ಮೇಲೆ ಅಚ್ಚೊತ್ತಿದ್ದು.
ಚಾಲಕ ಎಫ್ರೈನ್ ಬೇರೆಡೆ ನೋಡುತ್ತಿದ್ದ,
ಅವನ ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು.
ಹಡಗು ಹೊರಡಲು ನಾಲ್ಕು ತಾಸು.
ಸಾವಿರದ ಎಂಬತ್ತು ಪೆಟ್ಟಿಗೆ, ಹದಿಮೂರು ಡಿಗ್ರಿ ಚಳಿಯಲ್ಲಿ
ಹಸಿರಾಗಿಯೇ ಮಲಗಿದ ಕಾಯಿ.
ಮ್ಯಾನೇಜರು ಫೋನಿನಲ್ಲಿ, “ನೀನು ನೋಡಿದ್ದು ಏಳೇ ಅಲ್ಲವಾ, ವಿಲ್ಮರ್?”
ಪ್ರಶ್ನೆಯ ಅಂಗಿ ತೊಟ್ಟ ಅಪ್ಪಣೆ.
ಮನೆಯಲ್ಲಿ ಇಬ್ಬರು ಮಕ್ಕಳು, ಬೀದಿಗೆ ತೆರೆಯುವ ಕಿಟಕಿ.
ಇದನ್ನೆಲ್ಲ ಯಾರಿಗೆ ಹೇಳಲಿ?
ಸುಂಕದವಳಿಗೆ ಹೇಳಿದೆ.

ಬಂದಳು. ಸೈರನ್ನಿಲ್ಲ, ಸಮವಸ್ತ್ರವಿಲ್ಲ,
ಅಣ್ಣನ ಮೀನಿನ ವ್ಯಾನು, ಹಿಂದೆ ಮುದಿನಾಯಿ ಕನೆಲಾ.
ಕತ್ತರಿಯ ಒಂದು ಹಿಡಿ ಅವಳು, ಒಂದು ನಾನು,
ಒಬ್ಬರ ತೋಳಿಗೆ ಮುರಿಯುವ ಮೊಳೆಯಲ್ಲ ಅದು.
ಮಂಜು ಹೊರಬಂತು. ನಾಯಿ ಒಳಗೆ ಹೋಯಿತು,
ಮೂಸಿತು, ಇಳಿಯಿತು, ಮಲಗಿತು.
ಏನೂ ಇರಲಿಲ್ಲ.
ಎರಡು ಪೆಟ್ಟಿಗೆ ಇರಬೇಕಾದ ಕಡೆ
ಎರಡು ಪೆಟ್ಟಿಗೆಯಷ್ಟು ಖಾಲಿ.

“ಇವತ್ತು ಅಳತೆ ತಗೊಂಡು ಹೋಗಿದ್ದಾರೆ,” ಅಂದಳು ಸೊಯ್ಲಾ,
ದರ್ಜಿಯ ವಿಷಯ ಮಾತಾಡುವವಳಂತೆ.
“ನೀನು ಸುಮ್ಮನಿದ್ದಿದ್ದರೆ ಮುಂದಿನ ವಾರ ಹೊಲಿಯುತ್ತಿದ್ದರು.”
ಆಮೇಲೆ, ನಾನು ಕೇಳದೆಯೇ,
ಆ ಖಾಲಿಯ ಅಂಚಿನಲ್ಲಿ ಕೂತು
ತನ್ನ ಕಚೇರಿಯ ಕಥೆ ಬಿಚ್ಚಿದಳು:
ತಪಾಸಣೆಯ ಪಟ್ಟಿ ಹಿಂದಿನ ದಿನವೇ ಹೊರಗೆ ಮಾರಾಟವಾಗುವುದು,
ಪಕ್ಕದ ಮೇಜಿನವನ ಹೊಸ ಕಾರು,
ನೋಡಿಯೂ ಆರು ತಿಂಗಳು ತಾನು ನುಂಗಿಕೊಂಡದ್ದು.
ಸುಂಕದವಳು ನನ್ನ ಮುಂದೆ ಸುಖದುಃಖ ಹೇಳಿಕೊಂಡಳು.
ಅಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ಹೊರಗೆ ಗ್ವಾಯಾಸ್ ನದಿ ತಿರುಗುವ ಹೊತ್ತು.
ಸಂಜೆ ಸಮುದ್ರದ ಕಡೆ ತೇಲಿಹೋದ ಅಂತರಗಂಗೆ
ಭರತದ ಜೊತೆ ಊರೊಳಗೆ ವಾಪಸು ಬರುತ್ತಿತ್ತು.

ಆ ಹಡಗು ತಪ್ಪಿತು.
ಮ್ಯಾನೇಜರು ಇನ್ನೂ ಮಾತಾಡಿಲ್ಲ.
ಎಫ್ರೈನನನ್ನು ಹೆದರಿಸಿದ್ದು ಯಾರೆಂದು
ಅವಳು ಇನ್ನೂ ಕೇಳುತ್ತಿದ್ದಾಳೆ, ಮೆಲ್ಲಗೆ, ಕಾಫಿ ಕೊಟ್ಟು.
ಹೊಸ ಸೀಲು ನಾನು ಓದಬೇಕು, ಅವಳು ತಿರುಗಿ ಹೇಳಬೇಕು,
ಒಪ್ಪಂದದ ಅಷ್ಟು ಪುಟದಲ್ಲಿ ಕೆಲಸಕ್ಕೆ ಬರುವ ಸಾಲು ಇದೊಂದೇ.
“ನಾಲ್ಕು.” “ನಾಲ್ಕು.”
“ಸೊನ್ನೆ.” “ಸೊನ್ನೆ.”
ಹೀಗೇ ಹೋಗಿ, ಕೊನೆಯದಕ್ಕೆ
ಬೆಳಕು ಹಿಡಿದು ಎರಡು ಸಲ ನೋಡಿದೆ.
“ಏಳು,” ಅಂದೆ.
“ಏಳು,” ಅಂದಳು.
ಮಲಗಿದ್ದ ನಾಯಿ ಎದ್ದು ನಿಂತಿತು.